ಮೂರು ತಿಂಗಳಿಗೊಮ್ಮೆ ಹೊಸ ಪಾಸ್‌ವರ್ಡ್: ಈ ನಿಯಮ ಎಲ್ಲಿಂದ ಬಂತು?

ಗಣಕವಿರುವ ಕಚೇರಿಯಲ್ಲಿ, ಬ್ಯಾಂಕಿನ ಜಾಲತಾಣದಲ್ಲಿ, ವಿದ್ಯಾರ್ಥಿಗಳ ಅಂಕಗಳನ್ನು ತುಂಬುವ ಪರದೆಯಲ್ಲಿ ನೀವು ಒಂದು ಸೂಚನೆಯನ್ನು ಓದಿರುತ್ತೀರಿ. ಪಾಸ್‌ವರ್ಡ್‌ನಲ್ಲಿ ಕನಿಷ್ಠ ಎಂಟು ಅಕ್ಷರಗಳಿರಬೇಕು. ಅವುಗಳಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಇರಬೇಕು. ತೊಂಬತ್ತು ದಿನಗಳಿಗೊಮ್ಮೆ ಅದನ್ನು ಬದಲಿಸಬೇಕು. ವಿಜ್ಞಾನದ ವಿದ್ಯಾರ್ಥಿಗೆ ಇದನ್ನು ಓದಿದೊಡನೆ ಪ್ರಶ್ನೆಗಳು ಏಳಬೇಕು. ಎಂಟೇ ಏಕೆ? ತೊಂಬತ್ತೇ ಏಕೆ? ಅಳೆದವರು ಯಾರು? ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ಪಠ್ಯಪುಸ್ತಕ ಹೇಳಿದರೆ ಉಷ್ಣತಾಮಾಪಕ ಹಿಡಿದು ನೋಡಬಹುದು. ಬೆಂಗಳೂರಿನಲ್ಲಿ ನೋಡಿದರೆ ಸುಮಾರು ಮೂರು ಡಿಗ್ರಿ ಕಡಿಮೆ ಬರುತ್ತದೆ. ಹಾಗೇಕೆಂಬುದನ್ನೂ ಪುಸ್ತಕ ವಿವರಿಸುತ್ತದೆ. ಗಣಕ ಸುರಕ್ಷತೆಯ ನಿಯಮಗಳನ್ನು ಮಾತ್ರ ನಾವು ಸುತ್ತೋಲೆಯಂತೆ ಪ್ರಶ್ನಿಸದೆ ಒಪ್ಪಿಕೊಂಡುಬಿಡುತ್ತೇವೆ.

ಗಣಕಗಳನ್ನೂ ಜಾಲಗಳನ್ನೂ ಕಾಪಾಡಿಕೊಳ್ಳುವುದು ಹೇಗೆಂದು ಹೇಳುವ ಕೈಪಿಡಿಗಳಿಗೆ ಇಂದು ಕೊರತೆಯಿಲ್ಲ. ಯಾವುದನ್ನು ನಂಬಬೇಕು ಎಂಬುದೇ ಕಷ್ಟ. ಹೆಸರಾಂತ ಸಂಸ್ಥೆ ಹೊರತಂದದ್ದು ಎಂಬುದು ಸಾಕಷ್ಟು ಪ್ರಮಾಣವಲ್ಲ ಎಂಬುದಕ್ಕೆ ಪಾಸ್‌ವರ್ಡ್ ನಿಯಮಗಳ ಚರಿತ್ರೆಯೇ ಸಾಕ್ಷಿ. ಅಳತೆಯ ಆಧಾರವಿದ್ದ ಸಲಹೆ ಯಾವುದು, ಆಧಾರವಿಲ್ಲದೆ ಹರಡಿದ್ದು ಯಾವುದು ಎಂದು ಈ ಚರಿತ್ರೆಯಲ್ಲಿ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಕೋಣೆಯ ಬೀಗದಿಂದ ಗುಪ್ತಪದಕ್ಕೆ

ಮೊದಲ ಗಣಕಗಳನ್ನು ಒಂದು ಹೊತ್ತಿಗೆ ಒಬ್ಬರು ಮಾತ್ರ ಬಳಸುತ್ತಿದ್ದರು. ಕೋಣೆಯ ಬಾಗಿಲಿಗೆ ಬೀಗ ಹಾಕಿದರೆ ಗಣಕಕ್ಕೂ ಹಾಕಿದಂತೆ. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿ.ಟಿ.ಎಸ್.ಎಸ್. ಎಂಬ ಕಾಲಹಂಚಿಕೆ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವುದು ಅದರಿಂದ ಸಾಧ್ಯವಾಯಿತು. ಯಂತ್ರ ಒಂದೇ ಆದ ಮೇಲೆ ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಂತೆ ನೋಡಿಕೊಳ್ಳಬೇಕಲ್ಲ? ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಬಂತು. ಅಷ್ಟೂ ಗುಪ್ತಪದಗಳನ್ನು ಯಂತ್ರದೊಳಗಿನ ಒಂದು ಕಡತದಲ್ಲಿ ಇದ್ದದ್ದು ಇದ್ದಂತೆಯೇ ಬರೆದಿಡಲಾಗಿತ್ತು.

ಆ ಕಡತ ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. 1962ರಲ್ಲಿ ಸಂಶೋಧನ ವಿದ್ಯಾರ್ಥಿ ಆ್ಯಲನ್ ಷೆರ್, ತನಗೆ ಹಂಚಿಕೆಯಾದ ಗಣಕ ಸಮಯ ಸಾಲದೆ, ಕಡತವನ್ನು ಮುದ್ರಿಸುವಂತೆ ರಂಧ್ರಪತ್ರದ ಮೂಲಕ ಕೋರಿಕೆ ಸಲ್ಲಿಸಿ ಇಡೀ ಪಟ್ಟಿಯನ್ನೇ ಪಡೆದುಕೊಂಡರು. ಈ ವಿಷಯವನ್ನು ಅವರೇ ಹೇಳಿಕೊಂಡದ್ದು ದಶಕಗಳ ನಂತರ. 1960ರ ದಶಕದ ಮಧ್ಯಭಾಗದಲ್ಲಿ ನಡೆದ ಇನ್ನೊಂದು ಘಟನೆಯಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಇಬ್ಬರು ನಿರ್ವಾಹಕರು ಏಕಕಾಲದಲ್ಲಿ ಎರಡು ಕಡತಗಳನ್ನು ತಿದ್ದುತ್ತಿದ್ದರು. ಒಂದು, ಬಳಕೆದಾರರಿಗೆ ಮೊದಲು ಕಾಣುವ ದಿನದ ಸಂದೇಶ. ಇನ್ನೊಂದು, ಪಾಸ್‌ವರ್ಡ್ ಪಟ್ಟಿ. ತಿದ್ದುವ ತಂತ್ರಾಂಶ ಎರಡಕ್ಕೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿದ್ದರಿಂದ ಅವು ಅದಲುಬದಲಾದವು. ಆಮೇಲೆ ಗಣಕದೊಳಕ್ಕೆ ಬಂದವರಿಗೆಲ್ಲ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್‌ಗಳೂ ಕಂಡವು! ಕೊರ್ಬಾಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನು ವಿವರಿಸಿದ್ದಾರೆ.

ಪಾಸ್‌ವರ್ಡನ್ನೇ ಬರೆದಿಡುವ ಬದಲು ಅದರಿಂದ ಹುಟ್ಟಿದ ಒಂದು ಸಂಖ್ಯೆಯನ್ನು ಮಾತ್ರ ಬರೆದಿಡಬಹುದು ಎಂಬ ಉಪಾಯ ಅದೇ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ರೋಜರ್ ನೀಡ್‌ಹ್ಯಾಮ್ ಮತ್ತು ಸಂಗಡಿಗರಿಂದ ಬಂತು. ಜೋಳವನ್ನು ಬೀಸಿ ಹಿಟ್ಟು ಮಾಡಬಹುದು, ಹಿಟ್ಟನ್ನು ಮತ್ತೆ ಕಾಳಾಗಿಸಲು ಬಾರದು. ಇದೂ ಹಾಗೆಯೇ. ಪಾಸ್‌ವರ್ಡನ್ನು ಗಣಿತದ ಒಂದು ಏಕಮುಖ ಕ್ರಿಯೆಗೆ ಒಳಪಡಿಸಿದರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಯಿಂದ ಹಿಂದಕ್ಕೆ ಹೋಗಲು ಸುಲಭದ ದಾರಿಯಿಲ್ಲ. ಕಡತ ಕದ್ದವನಿಗೆ ಉಳಿಯುವ ಮಾರ್ಗ ಒಂದೇ: ತೋಚಿದ ಪದಗಳನ್ನೆಲ್ಲ ತಾನೂ ಬೀಸಿ, ಬಂದ ಹಿಟ್ಟು ಕಡತದಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡುವುದು.

ಮೊದಲು ಅಳತೆ, ಆಮೇಲೆ ಸಲಹೆ

ಹಾಗೆ ನೋಡಿದರೆ ಎಷ್ಟು ಪಾಸ್‌ವರ್ಡ್‌ಗಳು ಸಿಕ್ಕಬಹುದು? ಇದನ್ನು ಪ್ರಯೋಗದಿಂದಲೇ ತಿಳಿಯಲು ಹೊರಟವರು ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್. ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಜನಕರಲ್ಲಿ ಥಾಂಪ್ಸನ್ ಒಬ್ಬರು. 1979ರ ನವೆಂಬರಿನಲ್ಲಿ ಅವರಿಬ್ಬರೂ ಪ್ರಕಟಿಸಿದ ಪ್ರಬಂಧ ಆರು ಪುಟಗಳನ್ನೂ ದಾಟದ ಪುಟ್ಟ ಬರಹ. ನನ್ನ ಮಟ್ಟಿಗೆ ಈ ಕ್ಷೇತ್ರದ ಎಷ್ಟೋ ದಪ್ಪ ಗ್ರಂಥಗಳಿಗಿಂತ ಅದು ಮೇಲು.

ಅವರು ಒಟ್ಟು 3,289 ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿದರು. 15 ಪಾಸ್‌ವರ್ಡ್‌ಗಳಲ್ಲಿ ಇದ್ದದ್ದು ಒಂದೇ ಅಕ್ಷರ. 72 ಎರಡು ಅಕ್ಷರದವು, 464 ಮೂರು ಅಕ್ಷರದವು, 477 ನಾಲ್ಕು ಅಕ್ಷರ ಅಥವಾ ಅಂಕಿಗಳವು. ಐದಕ್ಷರದವು 706, ಅವೆಲ್ಲ ಪೂರ್ತಿ ದೊಡ್ಡಕ್ಷರ ಇಲ್ಲವೆ ಪೂರ್ತಿ ಸಣ್ಣಕ್ಷರ. ಆರು ಸಣ್ಣಕ್ಷರಗಳವು 605. ಇವುಗಳ ಜೊತೆಗೆ ಇನ್ನೂ 492 ನಿಘಂಟಿನಲ್ಲಿ, ಹೆಸರುಗಳ ಪಟ್ಟಿಯಲ್ಲಿ, ಅಂಥ ಬೇರೆ ಪಟ್ಟಿಗಳಲ್ಲಿ ಸಿಕ್ಕವು. ಕೂಡಿ ನೋಡಿ: 2,831. ನೂರಕ್ಕೆ 86!

ಇಬ್ಬರೂ ಈ ಅಳತೆಯ ಆಧಾರದ ಮೇಲೆಯೇ ಪರಿಹಾರಗಳನ್ನು ಸೂಚಿಸಿದರು. ಏಕಮುಖ ಕ್ರಿಯೆಯನ್ನು ಬೇಕೆಂದೇ ನಿಧಾನವಾಗಿಸಿದರೆ ಒಬ್ಬ ಪ್ರಾಮಾಣಿಕ ಬಳಕೆದಾರನಿಗೆ ಒಂದು ಕ್ಷಣ ಹೆಚ್ಚು ಹಿಡಿಯಬಹುದು. ಲಕ್ಷಾಂತರ ಪದಗಳನ್ನು ಪರೀಕ್ಷಿಸಬೇಕಾದ ಕಳ್ಳನಿಗೆ ಅದು ದುಬಾರಿಯಾಗುತ್ತದೆ. ಬೀಸುವ ಮುನ್ನ ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಯೊಂದನ್ನು ಬೆರೆಸಿದರೆ, ಒಮ್ಮೆ ಮಾಡಿದ ಲೆಕ್ಕ ಎಲ್ಲರ ಮೇಲೂ ನಡೆಯುವುದಿಲ್ಲ. ಇದಕ್ಕೆ ಅವರು ಇಟ್ಟ ಹೆಸರು ಉಪ್ಪು. ಆಗ 12 ಬಿಟ್‌ಗಳ ಉಪ್ಪು, ಅಂದರೆ 4,096 ಬಗೆ. ತೀರ ಚಿಕ್ಕ ಪಾಸ್‌ವರ್ಡ್ ಕೊಟ್ಟವರನ್ನು ಗಣಕವೇ ಇನ್ನಷ್ಟು ಉದ್ದದ್ದನ್ನು ಕೊಡುವಂತೆ ಒತ್ತಾಯಿಸಬೇಕೆಂದೂ ಹೇಳಿದರು. ಈ ಪರಿಹಾರಗಳ ಪೈಕಿ ಹೆಚ್ಚಿನ ಭಾರ ಯಂತ್ರದ ಮೇಲಿದೆ, ಮನುಷ್ಯನ ನೆನಪಿನ ಮೇಲಲ್ಲ ಎಂಬುದು ಗಮನಾರ್ಹ.

ಹಸಿರು ಪುಸ್ತಕದ ಸೂತ್ರ

ಮುಂದಿನ ಹೆಜ್ಜೆ ಅಮೆರಿಕದ ರಕ್ಷಣಾ ಇಲಾಖೆಯದು. 1980ರ ದಶಕದಲ್ಲಿ ಅದರ ಗಣಕ ಸುರಕ್ಷತಾ ಕೇಂದ್ರ ಒಂದರ ಹಿಂದೊಂದು ಮಾರ್ಗಸೂಚಿಗಳನ್ನು ತಂದಿತು. ಒಂದೊಂದರ ರಕ್ಷಾಪುಟಕ್ಕೂ ಒಂದೊಂದು ಬಣ್ಣವಿದ್ದುದರಿಂದ ಅವುಗಳಿಗೆ ಕಾಮನಬಿಲ್ಲಿನ ಮಾಲೆ ಎಂಬ ಅರ್ಥದ ಹೆಸರು ಬಂತು. 1985ರ ಏಪ್ರಿಲ್‌ನಲ್ಲಿ ಬಂದ ಹಸಿರು ಪುಸ್ತಕ ಪಾಸ್‌ವರ್ಡ್‌ಗಳಿಗೆ ಮೀಸಲು. ಪಾಸ್‌ವರ್ಡನ್ನು ಕಾಲಕಾಲಕ್ಕೆ ಬದಲಿಸಬೇಕೆಂಬ ನಿಯಮಕ್ಕೆ ಲೆಕ್ಕದ ಆಧಾರ ಇದರಲ್ಲಿ ಸಿಗುತ್ತದೆ.

ಸೂತ್ರ ಸರಳ. ಒಂದು ಪಾಸ್‌ವರ್ಡ್ ಎಷ್ಟು ಕಾಲ ಬಳಕೆಯಲ್ಲಿರುತ್ತದೋ ಆ ಅವಧಿಯನ್ನು, ಕಳ್ಳ ಒಂದು ನಿಮಿಷಕ್ಕೆ ಮಾಡಬಲ್ಲ ಊಹೆಗಳ ಸಂಖ್ಯೆಯಿಂದ ಗುಣಿಸಿ. ಬಂದದ್ದನ್ನು ಸಾಧ್ಯವಿರುವ ಒಟ್ಟು ಪಾಸ್‌ವರ್ಡ್‌ಗಳ ಸಂಖ್ಯೆಯಿಂದ ಭಾಗಿಸಿ. ಅದೇ ಕಳ್ಳ ಗೆಲ್ಲುವ ಸಂಭವನೀಯತೆ. ಆ ದಿನಗಳಲ್ಲಿ 300 ಬಾಡ್ ವೇಗದ ದೂರವಾಣಿ ಸಂಪರ್ಕದಲ್ಲಿ ನಿಮಿಷಕ್ಕೆ 8.5 ಊಹೆಗಳು ಸಾಧ್ಯ ಎಂದು ಪುಸ್ತಕ ಎಣಿಸಿತು. ಒಂದು ವರ್ಷಕ್ಕೆ 5,25,600 ನಿಮಿಷ. ಅಂದರೆ ಸುಮಾರು 45 ಲಕ್ಷ ಊಹೆ. ಗೆಲ್ಲುವ ಸಂಭವ ಹತ್ತು ಲಕ್ಷಕ್ಕೆ ಒಂದು ಇರಬೇಕಾದರೆ ಒಟ್ಟು ಪಾಸ್‌ವರ್ಡ್‌ಗಳು 4.5 ಲಕ್ಷ ಕೋಟಿ ಇರಬೇಕು. ಇಂಗ್ಲಿಷಿನ 26 ಸಣ್ಣಕ್ಷರಗಳಿಂದ ಒಂಬತ್ತು ಅಕ್ಷರದ ಪಾಸ್‌ವರ್ಡ್‌ಗಳನ್ನು ಮಾಡಿದರೆ 5.4 ಲಕ್ಷ ಕೋಟಿ ಬರುತ್ತವೆ. ಅಲ್ಲಿಗೆ ಸಾಕಾಯಿತು.

ಈ ಸೂತ್ರದಲ್ಲಿ ಅಡಗಿರುವ ಇನ್ನೊಂದು ಸಂಗತಿಯನ್ನು ನೋಡಿ. ಬದಲಿಸುವ ಅವಧಿಯನ್ನು ಒಂದು ವರ್ಷದಿಂದ ಮೂರು ತಿಂಗಳಿಗೆ ಇಳಿಸಿದರೆ ಸುರಕ್ಷತೆ ನಾಲ್ಕು ಪಟ್ಟು ಮಾತ್ರ ಹೆಚ್ಚುತ್ತದೆ. ಒಂದೇ ಒಂದು ಅಕ್ಷರ ಸೇರಿಸಿದರೆ 26 ಪಟ್ಟು! ಪುಸ್ತಕವೂ ಮೂರು ತಿಂಗಳು ಎನ್ನಲಿಲ್ಲ. ಗರಿಷ್ಠ ಅವಧಿ ಒಂದು ವರ್ಷ ಎಂದಿತು. ಜೊತೆಗೆ, ಪಾಸ್‌ವರ್ಡನ್ನು ಬಳಕೆದಾರ ತನ್ನ ಮನಸ್ಸಿನಿಂದ ಆರಿಸದೆ ಯಂತ್ರವೇ ಯಾದೃಚ್ಛಿಕವಾಗಿ ಹುಟ್ಟಿಸಿ ಕೊಡಬೇಕೆಂದು ಬಯಸಿತು. ಆ ಊಹನೆ ಇಲ್ಲದಿದ್ದರೆ ಸೂತ್ರ ನಿಲ್ಲುವುದಿಲ್ಲ. ಮುಂದೆ ಹಲವು ಕೈಪಿಡಿಗಳು ಬದಲಿಸುವ ನಿಯಮವನ್ನು ಮಾತ್ರ ಎತ್ತಿಕೊಂಡವು, ಊಹನೆಯನ್ನು ಕೈಬಿಟ್ಟವು.

ಹುಳು ತಂದ ಕೈಪಿಡಿ

1988ರ ನವೆಂಬರ್ 2ರಂದು ಅಂತರಜಾಲದಲ್ಲಿ ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹರಡುವ ಕ್ರಮವಿಧಿಯೊಂದು ಕಾಣಿಸಿಕೊಂಡಿತು. ಅದನ್ನು ಬಿಟ್ಟವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್. ಮೇಲೆ ಹೇಳಿದ ರಾಬರ್ಟ್ ಮಾರಿಸ್ ಅವರ ಮಗ! ಕಾಮನಬಿಲ್ಲಿನ ಮಾಲೆಯನ್ನು ಹೊರತಂದ ಕೇಂದ್ರದಲ್ಲಿ ತಂದೆ ಆಗ ಮುಖ್ಯ ವಿಜ್ಞಾನಿ. ಮಗನ ಹುಳು ಎರಡು ತಂತ್ರಾಂಶ ದೋಷಗಳನ್ನು ಬಳಸಿದ್ದಲ್ಲದೆ ಪಾಸ್‌ವರ್ಡ್‌ಗಳನ್ನೂ ಊಹಿಸುತ್ತಿತ್ತು. ಮೊದಲು ಬಳಕೆದಾರನ ಹೆಸರು, ಆ ಹೆಸರನ್ನು ತಿರುವುಮುರುವಾಗಿಸಿದ ರೂಪ, ಆಮೇಲೆ ತನ್ನೊಳಗೇ ಇದ್ದ 432 ಪದಗಳ ಪಟ್ಟಿ, ಕೊನೆಗೆ ಗಣಕದಲ್ಲಿದ್ದ ನಿಘಂಟು. ಒಂಬತ್ತು ವರ್ಷಗಳ ಹಿಂದೆ ತಂದೆ ಪ್ರಯೋಗ ಮಾಡಿ ತೋರಿಸಿದ್ದು ಈಗ ಬೀದಿಗೆ ಬಂದಿತ್ತು.

ಹುಳು 6,000 ಯಂತ್ರಗಳಿಗೆ ತಗುಲಿತು ಎಂದು ಇಂದಿಗೂ ಬರೆಯುವುದುಂಟು. ಆ ಸಂಖ್ಯೆ ಹುಟ್ಟಿದಾಗ ಅಲ್ಲಿದ್ದ ಗಣಕತಜ್ಞ ಪಾಲ್ ಗ್ರಹಾಂ ಹೇಳುವ ಪ್ರಕಾರ, ಅಂತರಜಾಲದಲ್ಲಿ 60,000 ಯಂತ್ರಗಳಿರಬಹುದು ಎಂದು ಯಾರೋ ಊಹಿಸಿದರು, ನೂರಕ್ಕೆ ಹತ್ತಕ್ಕೆ ತಗುಲಿರಬಹುದು ಎಂಬ ಇನ್ನೊಂದು ಊಹೆ ಸೇರಿತು. ಅಷ್ಟೇ. ಸುರಕ್ಷತೆಯ ವಿಷಯದಲ್ಲಿ ಯಾವುದೇ ದುಂಡು ಸಂಖ್ಯೆ ಕಂಡರೂ ಇದನ್ನು ನೆನಪಿಸಿಕೊಳ್ಳಬಹುದು.

ಹುಳುವಿನ ದೆಸೆಯಿಂದ ಆದ ಒಳ್ಳೆಯ ಕೆಲಸವೂ ಇದೆ. ಆಗ ವಿಶ್ವವಿದ್ಯಾಲಯಗಳ ನಿರ್ವಾಹಕರಿಗೆ ಯಾರನ್ನು ಕೇಳಬೇಕೆಂಬುದೇ ತಿಳಿದಿರಲಿಲ್ಲ. ಅದೇ ತಿಂಗಳು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತುರ್ತು ಸ್ಪಂದನ ತಂಡವೊಂದು ರೂಪುಗೊಂಡಿತು; ಅದೇ ಮೊದಲ ಸರ್ಟ್. ಭಾರತದ ತಂಡ ಸರ್ಟ್-ಇನ್ 2004ರ ಜನವರಿಯಲ್ಲಿ ಕೆಲಸ ಆರಂಭಿಸಿತು. 1991ರ ಜುಲೈನಲ್ಲಿ ಪಾಲ್ ಹಾಲ್‌ಬ್ರೂಕ್ ಮತ್ತು ಜಾಯ್ಸ್ ರೆನಾಲ್ಡ್ಸ್ ಸಂಪಾದಿಸಿದ 'ಸೈಟ್ ಸೆಕ್ಯುರಿಟಿ ಹ್ಯಾಂಡ್‌ಬುಕ್' ಹೊರಬಂತು. ಅಂತರಜಾಲದ ಆರ್.ಎಫ್.ಸಿ. ಎಂಬ ದಸ್ತಾವೇಜು ಮಾಲೆಯಲ್ಲಿ ಅದರ ಸಂಖ್ಯೆ 1244. ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ, ಜಾಲ ನಿರ್ವಾಹಕರಿಗಾಗಿಯೇ ಬರೆದ ಕೈಪಿಡಿ ಅದು. ಕಾಪಾಡಬೇಕಾದದ್ದು ಏನು, ಯಾರಿಂದ ಎಂದು ಮೊದಲು ನಿರ್ಧರಿಸಿಕೊಳ್ಳಿ, ಉಪಾಯ ಆಮೇಲೆ ಎಂಬುದು ಅದರ ಧೋರಣೆ. ಪಾಸ್‌ವರ್ಡ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೆರೆಸಿ, ಅಕ್ಷರವಲ್ಲದ ಚಿಹ್ನೆಗಳನ್ನೂ ಸೇರಿಸಿ ಎಂಬ ಸಲಹೆ ಅದರಲ್ಲಿದೆ.

1997ರ ಸೆಪ್ಟೆಂಬರಿನಲ್ಲಿ ಬಾರ್ಬರಾ ಫ್ರೇಸರ್ ಇದನ್ನು ಪರಿಷ್ಕರಿಸಿ 2196ನೆಯ ಸಂಖ್ಯೆಯಲ್ಲಿ ಹೊರತಂದರು. ಅದರಲ್ಲಿ ಒಂದು ಮಾತಿದೆ: ಬಳಕೆಯಲ್ಲಿರುವ ಒಳ್ಳೆಯ ಪಾಸ್‌ವರ್ಡನ್ನು ಬಲವಂತವಾಗಿ ಬದಲಿಸಬೇಕೇ ಎಂಬುದರ ಬಗ್ಗೆ ತಜ್ಞರಲ್ಲಿ ತೀವ್ರ ವಾದವಿವಾದವಿದೆ ಎಂದು. ಅಂದರೆ 1997ರಲ್ಲೇ ಇದು ತೀರ್ಮಾನವಾಗದ ಪ್ರಶ್ನೆ ಎಂದು ಕೈಪಿಡಿ ಬಾಯಿಬಿಟ್ಟು ಹೇಳಿತ್ತು. ಎರಡು ವರ್ಷಗಳ ನಂತರ ಲಂಡನ್ನಿನ ಆ್ಯನ್ ಆ್ಯಡಮ್ಸ್ ಮತ್ತು ಆ್ಯಂಜೆಲಾ ಸಾಸೆ ನೌಕರರನ್ನು ಮಾತನಾಡಿಸಿ ಬರೆದ 'ಬಳಕೆದಾರರು ಶತ್ರುಗಳಲ್ಲ' ಎಂಬ ಅರ್ಥದ ಶೀರ್ಷಿಕೆಯ ಪ್ರಬಂಧ ಬಂತು. ಪದೇ ಪದೇ ಬದಲಿಸುವ ನಿಯಮವಿದ್ದ ಕಡೆ ಜನ ನೆನಪಿಡಲಾಗದೆ ದುರ್ಬಲ ಪಾಸ್‌ವರ್ಡ್‌ಗಳನ್ನು ಆರಿಸುವುದನ್ನೂ ಚೀಟಿಯಲ್ಲಿ ಬರೆದಿಡುವುದನ್ನೂ ಅವರು ಕಂಡಿದ್ದರು.

ಮಾಹಿತಿ ಕೇಳಿದರೂ ಸಿಗದಿದ್ದಾಗ

ಇಷ್ಟೆಲ್ಲ ಇದ್ದೂ ಇಡೀ ಜಗತ್ತು ಅನುಸರಿಸಿದ್ದು ಬೇರೆಯೇ ಒಂದು ದಸ್ತಾವೇಜನ್ನು. ಅಮೆರಿಕದ ಅಳತೆ ಮತ್ತು ಮಾನಕಗಳ ರಾಷ್ಟ್ರೀಯ ಸಂಸ್ಥೆ, ಅಂದರೆ ನಿಸ್ಟ್, 2004ರಲ್ಲಿ 800-63 ಎಂಬ ವಿಶೇಷ ಪ್ರಕಟಣೆಯನ್ನು ತಂದಿತು. ಪಾಸ್‌ವರ್ಡ್‌ಗಳ ಬಗೆಗಿನ ಅದರ ಎಂಟು ಪುಟಗಳಷ್ಟು ಅನುಬಂಧವನ್ನು ಬರೆದವರು ಬಿಲ್ ಬರ್. ನಿಜವಾದ ಬಳಕೆದಾರರು ಎಂಥ ಪಾಸ್‌ವರ್ಡ್‌ಗಳನ್ನು ಆರಿಸುತ್ತಾರೆ ಎಂಬ ಮಾಹಿತಿ ಅವರಿಗೆ ಬೇಕಿತ್ತು. ನಿರ್ವಾಹಕರನ್ನು ಕೇಳಿದರು, ಗೋಪ್ಯದ ವಿಷಯವೆಂದು ಅವರು ಕೊಡಲಿಲ್ಲ. ಆಗ ಬರ್ 1980ರ ದಶಕದ ಬರಹವೊಂದರ ಮೊರೆಹೊಕ್ಕರು. ಅಳೆಯಲು ಕ್ಲಾಡ್ ಶ್ಯಾನನ್ 1951ರಲ್ಲಿ ಇಂಗ್ಲಿಷ್ ಗದ್ಯದ ಮೇಲೆ ಮಾಡಿದ್ದ ಪ್ರಯೋಗವನ್ನು ಆಧಾರವಾಗಿ ತೆಗೆದುಕೊಂಡರು.

ಶ್ಯಾನನ್ ಪ್ರಯೋಗ ಹೀಗೆ. ಒಂದು ವಾಕ್ಯದ ಮುಂದಿನ ಅಕ್ಷರ ಯಾವುದೆಂದು ಊಹಿಸಲು ಓದುಗನಿಗೆ ಹೇಳುವುದು. ಎಷ್ಟು ಪ್ರಯತ್ನಗಳು ಬೇಕಾದವು ಎಂಬುದರಿಂದ ಆ ಭಾಷೆಯ ಅನಿಶ್ಚಿತತೆಯನ್ನು, ಅಂದರೆ ಎಂಟ್ರೊಪಿಯನ್ನು, ಬಿಟ್‌ಗಳಲ್ಲಿ ಅಳೆಯುವುದು. ಒಂದು ಬಿಟ್ ಹೆಚ್ಚಿದರೆ ಊಹಿಸುವ ಕೆಲಸ ಎರಡು ಪಟ್ಟಾಗುತ್ತದೆ. ಇದನ್ನು ಅನುಸರಿಸಿ ಅನುಬಂಧವು ಪಾಸ್‌ವರ್ಡ್‌ನ ಮೊದಲ ಅಕ್ಷರಕ್ಕೆ 4 ಬಿಟ್, ಮುಂದಿನ ಏಳಕ್ಕೆ ತಲಾ 2 ಬಿಟ್ ಕೊಟ್ಟಿತು. ಎಂಟಕ್ಷರಕ್ಕೆ 18. ದೊಡ್ಡಕ್ಷರವೂ ಚಿಹ್ನೆಯೂ ಕಡ್ಡಾಯವಾದರೆ ಇನ್ನೂ 6 ಸೇರಿ 24 ಬಿಟ್, ಅಂದರೆ 1.68 ಕೋಟಿ ಸಾಧ್ಯತೆಗಳು.

ಕಾಗದದ ಮೇಲೆ ಚೆನ್ನಾಗಿದೆ. ಮನುಷ್ಯನ ಸ್ವಭಾವದ ಮುಂದೆ ಏನಾಯಿತು ನೋಡಿ. ಮೈಸೂರಿನ ಹಳೆಯ ಇಂಗ್ಲಿಷ್ ಕಾಗುಣಿತದ ಆರಕ್ಷರ ಬರೆದು, ಮೊದಲನೆಯದನ್ನು ದೊಡ್ಡಕ್ಷರ ಮಾಡಿ, ಕೊನೆಗೆ 1 ಮತ್ತು ಉದ್ಗಾರ ಚಿಹ್ನೆ ಇಟ್ಟರೆ ನಿಯಮದ ಪ್ರತಿಯೊಂದು ಷರತ್ತೂ ಪೂರೈಸುತ್ತದೆ. ಆದರೆ ದೊಡ್ಡಕ್ಷರ ಮೊದಲಿಗೂ, ಅಂಕಿ-ಚಿಹ್ನೆಗಳು ಕೊನೆಗೂ ಬರುವುದು ಕಳ್ಳನಿಗೂ ಗೊತ್ತು. ಐದು ಸಾವಿರ ಊರುಗಳ ಪಟ್ಟಿ, ಒಂದೊಂದಕ್ಕೂ ನೂರು ಬಗೆಯ ಬಾಲ ಎಂದುಕೊಂಡರೂ ಐದು ಲಕ್ಷ ಊಹೆ. 19 ಬಿಟ್ ಕೂಡ ದಾಟಲಿಲ್ಲ.

ಬರ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಜನರು ಆರಿಸುವ ಪಾಸ್‌ವರ್ಡ್‌ಗಳ ಬಗ್ಗೆ ತಮ್ಮಲ್ಲಿ ಹೆಚ್ಚು ಮಾಹಿತಿಯಿಲ್ಲ, ಇದ್ದವರು ಕೊಡಲು ಹಿಂಜರಿಯುತ್ತಾರೆ ಎಂದು ಅನುಬಂಧದಲ್ಲೇ ಬರೆದಿತ್ತು. ಅದನ್ನು ನಕಲು ಮಾಡಿದ ಕಚೇರಿಗಳು, ಕಂಪನಿಗಳು, ಲೆಕ್ಕಪರಿಶೋಧಕರು ನಿಯಮಗಳನ್ನು ಉಳಿಸಿಕೊಂಡರು, ಈ ವಾಕ್ಯವನ್ನು ಬಿಟ್ಟರು. ಅದೇ 2004ರ ಡಿಸೆಂಬರಿನಲ್ಲಿ ಕ್ರೆಡಿಟ್ ಕಾರ್ಡ್ ಕಂಪನಿಗಳು ಜಾರಿಗೆ ತಂದ ಪಿ.ಸಿ.ಐ. ಮಾನಕ 90 ದಿನಗಳಿಗೊಮ್ಮೆ ಬದಲಾವಣೆಯನ್ನು ಕಡ್ಡಾಯ ಮಾಡಿತು. ಕಾರ್ಡ್ ವ್ಯವಹಾರ ಬೇಕೆಂದವರು ಒಪ್ಪಲೇಬೇಕಾದ ಕರಾರದು. ಹೀಗೆ, ತಜ್ಞರು ಇನ್ನೂ ವಾದಿಸುತ್ತಿದ್ದ ಒಂದು ಸಂಗತಿ ಹಲವು ದೇಶಗಳ ಕಚೇರಿಗಳಲ್ಲಿ ದಿನನಿತ್ಯದ ಕಟ್ಟಳೆಯಾಯಿತು.

ಕಳ್ಳರಿಂದ ಬಂದ ಪುರಾವೆ

ಬರ್ ಅವರಿಗೆ ಸಿಗದ ಮಾಹಿತಿ ಮುಂದೆ ಅನಿರೀಕ್ಷಿತ ಕಡೆಯಿಂದ ಬಂತು. 2009ರ ಡಿಸೆಂಬರಿನಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪನಿಯ ದತ್ತಸಂಗ್ರಹದಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಕಳುವಾಗಿ ಬಯಲಾದವು. ಎಂ.ಐ.ಟಿ.ಯಲ್ಲಿ ಎಡವಿದ ಕಲ್ಲಿಗೇ ಇವರೂ ಎಡವಿದ್ದರು. ಪಾಸ್‌ವರ್ಡ್‌ಗಳನ್ನು ಬೀಸದೆ, ಉಪ್ಪು ಹಾಕದೆ, ಇದ್ದಂತೆಯೇ ಇಟ್ಟಿದ್ದರು. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬಂದದ್ದು 123456. ಮರುವರ್ಷ ಮ್ಯಾಟ್ ವಿಯರ್ ಮತ್ತು ಸಹೋದ್ಯೋಗಿಗಳು ಇಂಥ ಬಯಲಾದ ಪಟ್ಟಿಗಳ ಮೇಲೆ ಪ್ರಯೋಗ ಮಾಡಿ, ನಿಸ್ಟ್‌ನ ಬಿಟ್ ಲೆಕ್ಕಕ್ಕೂ ಪಾಸ್‌ವರ್ಡ್‌ನ ನಿಜವಾದ ಬಲಕ್ಕೂ ಹೊಂದಾಣಿಕೆಯಿಲ್ಲ ಎಂದು ತೋರಿಸಿದರು.

ಬದಲಿಸುವ ನಿಯಮವನ್ನು ನೇರವಾಗಿ ಪರೀಕ್ಷಿಸಿದ್ದು ಅದೇ 2010ರಲ್ಲಿ, ಉತ್ತರ ಕೆರೋಲಿನಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕಿತ್ತು. ಬಳಕೆ ನಿಂತುಹೋದ ಖಾತೆಗಳ ಹಳೆಯ ಪಾಸ್‌ವರ್ಡ್‌ಗಳ ಸರಣಿಯನ್ನು ಯಿಂಕಿಯಾನ್ ಜಾಂಗ್, ಫೇಬಿಯನ್ ಮನ್‌ರೋಸ್, ಮೈಕೆಲ್ ರೈಟರ್ ಪರಿಶೀಲಿಸಿದರು. ಅವರ ಪ್ರಶ್ನೆ ಬಹಳ ಸೊಗಸಾದದ್ದು: ಹಳೆಯ ಪಾಸ್‌ವರ್ಡ್ ಕಳ್ಳನಿಗೆ ಗೊತ್ತಿದ್ದರೆ ಹೊಸದನ್ನು ಕಂಡುಹಿಡಿಯುವುದು ಎಷ್ಟು ಕಷ್ಟ? ಬದಲಿಸುವ ನಿಯಮ ಇರುವುದೇ ಹಳೆಯದು ಕಳುವಾಗಿದ್ದರೆ ಪ್ರಯೋಜನಕ್ಕೆ ಬಾರದಿರಲಿ ಎಂದಲ್ಲವೇ? 7,752 ಖಾತೆಗಳನ್ನು ನೋಡಿದಾಗ ಉತ್ತರ ಸಿಕ್ಕಿತು. ಜನ ಕೊನೆಯ 1ನ್ನು 2 ಮಾಡುತ್ತಾರೆ, ಒಂದು ಚಿಹ್ನೆಯ ಸ್ಥಳ ಬದಲಿಸುತ್ತಾರೆ. ನೂರಕ್ಕೆ 17 ಖಾತೆಗಳಲ್ಲಿ ಐದು ಊಹೆಗಳೊಳಗೇ ಹೊಸ ಪಾಸ್‌ವರ್ಡ್ ಸಿಕ್ಕಿತು. ಕದ್ದ ಕಡತ ಕೈಯಲ್ಲಿದ್ದರೆ ನೂರಕ್ಕೆ 41ರಷ್ಟನ್ನು ಸರಾಸರಿ ಮೂರು ಸೆಕೆಂಡುಗಳಲ್ಲಿ ಒಡೆಯಬಹುದಿತ್ತು.

ಪುರಾವೆ ಬಂದ ಮೇಲೂ ನಿಯಮ ಬದಲಾಗಲು ವರ್ಷಗಳೇ ಹಿಡಿದವು. ಬ್ರಿಟನ್ನಿನ ಸರ್ಕಾರಿ ಸುರಕ್ಷತಾ ಸಂಸ್ಥೆ 2015ರಲ್ಲಿ ನಿಯತ ಬದಲಾವಣೆ ಬೇಡವೆಂದಿತು. ನಿಸ್ಟ್ ತನ್ನ ಹೊಸ ಕರಡನ್ನು 2016ರಲ್ಲಿ ಎಲ್ಲರೂ ನೋಡಿ ಟೀಕೆ ಬರೆಯುವಂತೆ ಜಾಲದಲ್ಲಿ ತೆರೆದಿಟ್ಟು, 2017ರ ಜೂನ್‌ನಲ್ಲಿ 800-63ಬಿ ಎಂದು ಪ್ರಕಟಿಸಿತು. ದೊಡ್ಡಕ್ಷರ-ಚಿಹ್ನೆಗಳ ಒತ್ತಾಯ ಬೇಡ. ಕಳುವಾದ ಸುಳಿವಿಲ್ಲದೆ ಬದಲಿಸಲು ಹೇಳುವುದು ಬೇಡ. ಬದಲಿಗೆ, ಹೊಸ ಪಾಸ್‌ವರ್ಡ್ ಈಗಾಗಲೇ ಬಯಲಾದ ಪಟ್ಟಿಗಳಲ್ಲಿ ಇದೆಯೇ ಎಂದು ಯಂತ್ರವೇ ನೋಡಲಿ. ಉದ್ದನೆಯ ಪದಗುಚ್ಛಕ್ಕೆ ಕನಿಷ್ಠ 64 ಅಕ್ಷರಗಳಷ್ಟಾದರೂ ಅವಕಾಶವಿರಲಿ. ಆ ಆಗಸ್ಟ್‌ನಲ್ಲಿ, ನಿವೃತ್ತರಾಗಿದ್ದ ಬಿಲ್ ಬರ್ ವಾಲ್‌ಸ್ಟ್ರೀಟ್ ಜರ್ನಲ್ ಪತ್ರಿಕೆಯೊಡನೆ ಮಾತನಾಡಿ ತಾವು ಮಾಡಿದ್ದರಲ್ಲಿ ಬಹುಪಾಲಿಗೆ ವಿಷಾದವಿದೆ ಎಂದರು. ಹಾಗೆ ಬಹಿರಂಗವಾಗಿ ಹೇಳುವ ಮಾನಕ ಲೇಖಕರು ಅಪರೂಪ. 2019ರಲ್ಲಿ ಮೈಕ್ರೊಸಾಫ್ಟ್ ವಿಂಡೋಸ್‌ನ ತನ್ನ ಶಿಫಾರಸುಗಳಿಂದ ಅವಧಿ ಮುಗಿಯುವ ನಿಯಮವನ್ನು ಕೈಬಿಟ್ಟಿತು. 2025ರಲ್ಲಿ ಬಂದ ನಿಸ್ಟ್‌ನ ನಾಲ್ಕನೆಯ ಆವೃತ್ತಿಯಲ್ಲಿ 'ಬೇಡ' ಎಂಬ ಸಲಹೆ 'ಕೂಡದು' ಎಂಬ ನಿಷೇಧವಾಯಿತು. ಪಾಸ್‌ವರ್ಡ್ ಒಂದೇ ಕಾವಲಾಗಿರುವ ಕಡೆ ಕನಿಷ್ಠ 15 ಅಕ್ಷರ ಎಂದಾಯಿತು.

ಕೈಪಿಡಿಯನ್ನು ಕೈಗೆತ್ತಿಕೊಂಡಾಗ

ನಿಮ್ಮ ಕಾಲೇಜಿನ ಗಣಕ ಪ್ರಯೋಗಾಲಯಕ್ಕೆ ಒಂದು ಸುರಕ್ಷತಾ ಕೈಪಿಡಿ ಬೇಕೆಂದು ಹುಡುಕುತ್ತಿದ್ದೀರಿ ಎನ್ನಿ. ಮೊದಲು ವರ್ಷ ನೋಡಿ, ಆಮೇಲೆ ಅದನ್ನು ರದ್ದುಗೊಳಿಸಿದ ಬೇರೊಂದಿದೆಯೇ ಎಂದು ನೋಡಿ. ನಿಸ್ಟ್ ಮತ್ತು ಆರ್.ಎಫ್.ಸಿ. ಮಾಲೆಗಳಲ್ಲಿ ಇದು ಸುಲಭ. ಹಳೆಯ ದಸ್ತಾವೇಜನ್ನು ಅಳಿಸುವುದಿಲ್ಲ. ಯಾವುದು ಇದರ ಜಾಗಕ್ಕೆ ಬಂದಿದೆ ಎಂದು ಅದರ ಜೊತೆಗೇ ನಮೂದಿಸುತ್ತಾರೆ. 1244ನ್ನು 2196 ರದ್ದುಗೊಳಿಸಿದೆ ಎಂದು ಹಾಗೆಯೇ ತಿಳಿಯುತ್ತದೆ. 2196ರ ಜಾಗಕ್ಕೆ ಮಾತ್ರ ಇನ್ನೊಂದು ಬಂದಿಲ್ಲ. ಅದರಲ್ಲಿ ನೀತಿ ರೂಪಿಸುವ ಭಾಗ ಇಂದಿಗೂ ಓದಲು ಯೋಗ್ಯ, ದೂರವಾಣಿ ಮೋಡೆಮ್‌ಗಳನ್ನು ಕಾಯುವ ಭಾಗ ಚರಿತ್ರೆ. ಸರ್ಟ್-ಇನ್ ಹೊರಡಿಸುವ ಎಚ್ಚರಿಕೆಗಳಲ್ಲೂ ದಿನಾಂಕ ಮತ್ತು ಬಾಧಿತ ತಂತ್ರಾಂಶದ ಆವೃತ್ತಿ ಇರುತ್ತವೆ. ನಿಮ್ಮ ಪ್ರಯೋಗಾಲಯದಲ್ಲಿರುವುದು ಅದೇ ಆವೃತ್ತಿಯೇ ಎಂದು ನೋಡದೆ ಎಚ್ಚರಿಕೆಯನ್ನು ಕಡತಕ್ಕೆ ಸೇರಿಸಿದರೆ ಉಪಯೋಗವಿಲ್ಲ. ಯಾರು ಬರೆದರು, ಯಾವಾಗ, ಎಂಬುದೊಂದೂ ಇಲ್ಲದೆ ಸಂಖ್ಯೆಗಳನ್ನು ಮಾತ್ರ ಹೇಳುವ ಕೈಪಿಡಿಯನ್ನು ಪಕ್ಕಕ್ಕಿಡಬಹುದು.

ಅಧ್ಯಾಪಕರಿಗೆ ತರಗತಿಯಲ್ಲಿ ಮಾಡಿಸಲು ಹಸಿರು ಪುಸ್ತಕದ ಸೂತ್ರ ಒಳ್ಳೆಯ ಅಭ್ಯಾಸ. ನಿಮಿಷಕ್ಕೆ 8.5ರ ಬದಲು, ಕದ್ದ ಕಡತದ ಮೇಲೆ ಇಂದಿನ ವೇಗದ ಸಂಸ್ಕಾರಕವೊಂದು ಸೆಕೆಂಡಿಗೆ 1,000 ಕೋಟಿ ಊಹೆ ಮಾಡುತ್ತದೆ ಎಂದಿಟ್ಟುಕೊಳ್ಳಲಿ. ನಿಧಾನವಾಗಿಸದ ಏಕಮುಖ ಕ್ರಿಯೆಯಾದರೆ ಇದು ಅತಿಶಯವಲ್ಲ. ಅಂದು ಒಂದು ವರ್ಷ ತಾಳಬೇಕಿದ್ದ ಒಂಬತ್ತು ಸಣ್ಣಕ್ಷರಗಳ ಎಲ್ಲ ಜೋಡಣೆಗಳೂ ಒಂಬತ್ತು ನಿಮಿಷದಲ್ಲಿ ಮುಗಿಯುತ್ತವೆ. ಕೀಲಿಮಣೆಯ 94 ಚಿಹ್ನೆಗಳನ್ನೂ ಬಳಸಿದ ಎಂಟಕ್ಷರಕ್ಕೆ ಏಳು ದಿನ. ಬರೀ ಸಣ್ಣಕ್ಷರಗಳ ಹದಿನೈದಕ್ಕೆ ಸುಮಾರು 5,300 ವರ್ಷ. ಇವೆಲ್ಲ ಯಾದೃಚ್ಛಿಕವಾಗಿ ಆರಿಸಿದ ಅಕ್ಷರಗಳಿಗೆ ಮಾತ್ರ ಎಂಬುದನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಉದಾಹರಣೆ ಕೊಡುವ ಉತ್ಸಾಹದಲ್ಲಿ ಮಕ್ಕಳು ತಮ್ಮ ನಿಜವಾದ ಪಾಸ್‌ವರ್ಡನ್ನೇ ಹೇಳಿಬಿಡದಂತೆಯೂ ನೋಡಿಕೊಳ್ಳಿ.